ಪ್ರೇಕ್ಷಾಗೃಹವೂ ಪ್ರೇಕ್ಷಕನೂ: ಹೆಗ್ಗೋಡಿನ ರಂಗಮಂದಿರವನ್ನು ಕುರಿತು ಒಂದು ವಿಮರ್ಶೆ

೧

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿಗೆ ಸೇರಿದ ಹೆಗ್ಗೋಡೆಂಬ ಸಣ್ಣ ಊರಿನಲ್ಲಿ ೧೯೪೯ರಲ್ಲಿ ಸ್ಥಾಪಿತವಾದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘಕ್ಕೆ ೨೦೨೪ಕ್ಕೆ ೭೫ ವರ್ಷಗಳು ತುಂಬಿದುವು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ನೀನಾಸಮ್’ ಎಂದು ಲೋಕರೂಢಿಯಲ್ಲಿ ಕರೆಯಲ್ಪಡುವ ಈ ಸಂಸ್ಥೆಯನ್ನು ಅರಿಯದವರು ಕನ್ನಡ ಸಾಹಿತ್ಯವನ್ನು ಓದುವವರಲ್ಲಿಯೂ ಓದಿಸುವವರಲ್ಲಿಯೂ ವಿರಳ. ಒಂದು ನಾಟ್ಯಸಂಸ್ಥೆಯು ಇಷ್ಟು ಕಾಲ ಬಾಳುವುದೇ ನಮ್ಮ ನಾಡಿನಲ್ಲಿ ದೊಡ್ಡ ಮಾತು; ಅದನ್ನು ನೆನೆದು ಸಂತೋಷಪಡುವುದು ಯುಕ್ತವೇ ಸರಿ.

ಆದರೆ ಇಂತಹ ಸಂದರ್ಭಗಳಲ್ಲಿ ಕೇಳಿಬರುವ ಪ್ರಶಂಸೆಯು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ನಡೆಯುತ್ತಿರುವುದನ್ನು ಕಂಡು ಈ ಲೇಖನವನ್ನು ಬರೆಯಬೇಕಾಯಿತು. “ಅಡಕೆಯ ತೋಟಗಳ ನಡುವಣ ಒಂದು ಹಳ್ಳಿಯಲ್ಲಿ ಷೇಕ್ಸ್‌ಪಿಯರನ ನಾಟಕವಂತೆ, ಬ್ರೆಕ್ಟನ ನಾಟಕವಂತೆ, ಜಪಾನು ದೇಶದ ಚಲನಚಿತ್ರವಂತೆ, ಎಂತಹ ಸೋಜಿಗ!” ಎಂಬುದೇ ಆ ಪ್ರಶಂಸೆಯ ತಿರುಳು. ಮೇಲ್ನೋಟಕ್ಕೆ ಇದು ಸ್ತುತಿಯಂತೆ ತೋರಿದರೂ ಇದರ ಒಳಗೆ ಒಂದು ನಿಂದೆಯು ಅಡಗಿದೆ. ಹಳ್ಳಿಯೆಂಬುದು ಬರಿದಾದ ಕೊಡ. ಯಾರೋ ಪುಣ್ಯವಂತರು ಹೊರಗಿನಿಂದ ನೀರು ತಂದು ಅದನ್ನು ತುಂಬಿದರು ಎಂಬ ಅಭಿಪ್ರಾಯವಿಲ್ಲದೆ ಈ ಸೋಜಿಗವು ಹುಟ್ಟಲಾರದು. ಈ ಅಭಿಪ್ರಾಯವು ಸತ್ಯವಲ್ಲ. ಅದು ಹಳ್ಳಿಗೂ ನ್ಯಾಯವನ್ನು ಸಲ್ಲಿಸುವುದಿಲ್ಲ, ಸಂಘಕ್ಕೂ ಸಲ್ಲಿಸುವುದಿಲ್ಲ. ಹೆಗ್ಗೋಡಿನಲ್ಲಿ ಆದುದು ಏನು, ಅದರಲ್ಲಿ ನಾವು ಕಲಿಯತಕ್ಕದ್ದು ಏನು ಎಂಬುದನ್ನು ಬೇರೊಂದು ಅಳತೆಯಿಂದ ನೋಡಬೇಕಾಗಿದೆ.

ಆ ಅಳತೆಯನ್ನು ಭರತಮುನಿಯ ನಾಟ್ಯಶಾಸ್ತ್ರದಿಂದ ತೆಗೆದುಕೊಳ್ಳುತ್ತೇನೆ. ಹಳೆಯ ಮೊಳಕೋಲಿನಿಂದ ಹೊಸ ಮನೆಯನ್ನು ಅಳೆಯುವುದು ಎಲ್ಲಿಯ ನ್ಯಾಯವೆಂದು ಕೆಲವರು ಕೇಳಬಹುದು. ಪಾಠಶಾಲೆಯಲ್ಲಿ ಬೆಳೆದವನಿಗೆ ಕೈಗೆ ಸಿಕ್ಕುವ ಕೋಲು ಅದೇ ಎಂಬುದು ಒಂದು ಉತ್ತರ. ನಾಟ್ಯದ ಮನೆಯನ್ನು ಕುರಿತು ಇಷ್ಟು ಸಮಗ್ರವಾಗಿ ಯೋಚಿಸಿದ ಗ್ರಂಥಗಳು ನಮ್ಮಲ್ಲಿ ಹೆಚ್ಚಿಲ್ಲವೆಂಬುದು ಇನ್ನೊಂದು. ಕೋಲು ಹಳೆಯದೋ ಹೊಸದೋ ಎಂಬುದಕ್ಕಿಂತ ಅದು ನೇರವಾಗಿದೆಯೋ ಇಲ್ಲವೋ ಎಂಬುದೇ ಮುಖ್ಯವಷ್ಟೆ.

೨

ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದ ಕಥೆಯು ಸಂಸ್ಕೃತಾಭ್ಯಾಸಿಗಳಿಗೆ ಪರಿಚಿತವಾದುದೇ. ಆದರೂ ಇಲ್ಲಿ ಅದರ ಕ್ರಮವು ಮುಖ್ಯವಾದುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಬ್ರಹ್ಮನು ನಾಲ್ಕು ವೇದಗಳಿಂದ ಪಾಠ್ಯ, ಗೀತ, ಅಭಿನಯ, ರಸಗಳನ್ನು ಆಯ್ದು ನಾಟ್ಯವೇದವನ್ನು ರಚಿಸಿ ಭರತನಿಗೂ, ಭರತನ ಮೂಲಕ ಅವನ ನೂರು ಮಂದಿ ಮಕ್ಕಳಿಗೂ ಕಲಿಸಿದನು. ಇಂದ್ರಧ್ವಜದ ಉತ್ಸವದಲ್ಲಿ ಮೊದಲನೆಯ ಪ್ರಯೋಗ ನಡೆಯಿತು. ದೇವತೆಗಳು ದೈತ್ಯರನ್ನು ಗೆದ್ದುದೇ ಅದರ ವಸ್ತು. ದೇವತೆಗಳು ಹಿಗ್ಗಿದರು; ದೈತ್ಯರು ಕೆರಳಿದರು. ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ಬಂದ ವಿಘ್ನಗಳು ನಟರ ಮಾತನ್ನೂ ಚಲನೆಯನ್ನೂ ಸ್ಮೃತಿಯನ್ನೂ ಸ್ತಂಭನಗೊಳಿಸಿದುವು. ಇಂದ್ರನು ಧ್ವಜದಂಡದಿಂದ ಅವರನ್ನು ಜರ್ಜರಗೊಳಿಸಿದನು. ಆದರೂ ಕಾಟವು ತಪ್ಪಲಿಲ್ಲ. ಆಗ ಬ್ರಹ್ಮನ ಅಪ್ಪಣೆಯಂತೆ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಅದರ ಒಂದೊಂದು ಅಂಗಕ್ಕೂ ಒಬ್ಬೊಬ್ಬ ದೇವತೆಯು ಕಾವಲಾದನು. ಇಷ್ಟಕ್ಕೇ ಕಥೆಯು ಮುಗಿಯುವುದಿಲ್ಲ. ಈ ವಿಘ್ನಗಳನ್ನು ಮೊದಲು ಸಾಮದಿಂದ ಶಮನಗೊಳಿಸಬೇಕೆಂದು ದೇವತೆಗಳೇ ಬ್ರಹ್ಮನಲ್ಲಿ ಬಿನ್ನವಿಸಿದರು. ಬ್ರಹ್ಮನು ವಿಘ್ನಗಳನ್ನು ಕರೆದು ಕೋಪಕ್ಕೆ ಕಾರಣವನ್ನು ಕೇಳಿದನು. ತಮಗೂ ದೇವತೆಗಳಿಗೂ ಸಮಾನನಾದ ಪಿತಾಮಹನು ದೇವತೆಗಳ ಮೆಚ್ಚುಗೆಗಾಗಿ ತಮ್ಮನ್ನು ಅವಮಾನಗೊಳಿಸಿದನೆಂದು ವಿರೂಪಾಕ್ಷನು ದೂರಿದನು. ಈ ನಾಟ್ಯವು ನಿಮ್ಮದೂ ಅಲ್ಲ, ದೇವತೆಗಳದೂ ಅಲ್ಲ. ಮೂರು ಲೋಕಗಳ ಭಾವಗಳನ್ನೂ ಅನುಕೀರ್ತನ ಮಾಡುವಂತಹುದು ಎಂದು ಬ್ರಹ್ಮನು ಸಮಾಧಾನ ಹೇಳಿದನು.

ಈ ಕಥೆಯಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಪ್ರಯೋಗವು ಮುಂದು, ಗೃಹವು ಹಿಂದು. ಬಯಲಿನಲ್ಲಿ ಆಟವಾಗಿ, ಅದಕ್ಕೆ ತೊಡಕುಂಟಾದ ಮೇಲೆ ಮನೆಯು ಬಂದಿತು. ಎರಡನೆಯದು, ಮನೆಯಿರುವುದು ಮೆರೆಯುವುದಕ್ಕಲ್ಲ. ನಟನ ಮಾತು, ಚಲನೆ, ಸ್ಮೃತಿಗಳನ್ನು ಕಾಪಾಡುವುದಕ್ಕೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗೋಡೆಯೂ ಕಾವಲೂ ಸಿದ್ಧವಾದ ಮೇಲೂ ಕೆಲಸವು ಮುಗಿಯಲಿಲ್ಲ, ಒಪ್ಪದ ಪ್ರೇಕ್ಷಕನನ್ನು ಕರೆದು ಕುಳ್ಳಿರಿಸಿ ಮಾತನಾಡಬೇಕಾಯಿತು. ಸಾಮವಿಲ್ಲದೆ ಮಂಡಪವು ಪೂರ್ಣವಾಗಲಿಲ್ಲ.

ದ್ವಿತೀಯಾಧ್ಯಾಯದಲ್ಲಿ ಮಂಡಪದ ಲಕ್ಷಣವು ಬರುತ್ತದೆ. ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂದು ಆಕಾರಗಳು ಮೂರು. ಜ್ಯೇಷ್ಠ, ಮಧ್ಯಮ, ಅವರವೆಂದು ಪ್ರಮಾಣಗಳು ಮೂರು. ಅವು ಕ್ರಮವಾಗಿ ೧೦೮, ೬೪, ೩೨ ಹಸ್ತಗಳು. ಇವುಗಳಲ್ಲಿ ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಂಡಪವೇ ಪ್ರಶಸ್ತವೆಂದು ವಿಧಿಸಿದೆ. ೨೪ ಅಂಗುಲಗಳಿಗೆ ಒಂದು ಹಸ್ತವಾದುದರಿಂದ ಈಗಿನ ಲೆಕ್ಕದಲ್ಲಿ ಇದು ಸ್ಥೂಲವಾಗಿ ೯೬ ಅಡಿ ಉದ್ದ, ೪೮ ಅಡಿ ಅಗಲವಾಗುತ್ತದೆ. ಅದರಲ್ಲಿಯೂ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಹೋಗುವುದರಿಂದ ಪ್ರೇಕ್ಷಕರಿಗೆ ಉಳಿಯುವುದು ೪೮ ಅಡಿಗಳ ಒಂದು ಚೌಕ ಮಾತ್ರ. ಇದಕ್ಕಿಂತ ಹಿರಿದಾದರೆ ಆಗುವ ದೋಷವೇನು? ಆಡಿದ ಮಾತು ಸ್ವರಗೆಟ್ಟು ಅಸ್ಪಷ್ಟವಾಗುತ್ತದೆ; ಮುಖದಲ್ಲಿ ಮೂಡುವ ಭಾವವು ಕಾಣದೆ ಹೋಗುತ್ತದೆ. ಮಂಡಪವು ಗಿರಿಗುಹೆಯಂತಿರಬೇಕು, ಕಿಟಕಿಗಳು ಸಣ್ಣವಾಗಿರಬೇಕು, ಗಾಳಿಯು ನುಗ್ಗಬಾರದು ಎಂಬ ವಿಧಿಗಳಿಗೂ ಸ್ವರದ ಗಾಂಭೀರ್ಯವೇ ಕಾರಣ. ಎಂದ ಮೇಲೆ ಭರತನು ಅಳತೆಗೆ ಹಿಡಿದ ಕೋಲು ಯಾವುದು? ರಾಜನ ವೈಭವವಲ್ಲ, ಊರಿನ ಜನಸಂಖ್ಯೆಯಲ್ಲ. ಮನುಷ್ಯನ ಕಂಠ ಮತ್ತು ಮನುಷ್ಯನ ಕಣ್ಣು.

೩

ಈಗ ಹೆಗ್ಗೋಡಿಗೆ ಬರೋಣ. ಸಂಘವು ಹುಟ್ಟಿದುದು ೧೯೪೯ರಲ್ಲಿ. ಶಿವರಾಮ ಕಾರಂತ ರಂಗಮಂದಿರವೆಂದು ಹೆಸರಾದ ಅದರ ಪ್ರೇಕ್ಷಾಗೃಹವು ಸಿದ್ಧವಾದುದು ೧೯೭೨ರಲ್ಲಿ. ನಡುವೆ ೨೩ ವರ್ಷಗಳ ಅಂತರ. ಮುಂದೆ ಸಂಘದ ಜೀವಾಳವೆನಿಸಿದ ಶ್ರೀ ಕೆ. ವಿ. ಸುಬ್ಬಣ್ಣನವರು ಹುಟ್ಟಿದುದು ೧೯೩೨ರಲ್ಲಿ; ಸಂಘದ ಆರಂಭಕಾಲಕ್ಕೆ ಅವರು ಹದಿನೇಳು ವರ್ಷದ ಹುಡುಗರು. ಆದುದರಿಂದ ಸಂಘವನ್ನು ಒಬ್ಬ ಮಹಾಪುರುಷನ ಕನಸೆಂದು ಬಣ್ಣಿಸುವುದಕ್ಕಿಂತ ಊರಿನ ಬಯಕೆಯೆಂದು ತಿಳಿಯುವುದೇ ಸರಿ. ಊರಿಗೆ ನಾಟಕವು ಬೇಕಾಗಿತ್ತು; ಆಡಿದರು. ಮನೆಯು ಆಮೇಲೆ ಬಂದಿತು. ಭರತನು ಹೇಳಿದ ಕ್ರಮವೇ ಇದು.

ನಮ್ಮ ಪಟ್ಟಣಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದಕ್ಕೆ ವಿಪರೀತ. ಮೊದಲು ಹಣವು ಮಂಜೂರಾಗುತ್ತದೆ, ಶಂಕುಸ್ಥಾಪನೆಯಾಗುತ್ತದೆ, ಭವನವೇಳುತ್ತದೆ. ಅದರಲ್ಲಿ ಆಡುವವರು ಯಾರು, ನೋಡುವವರು ಯಾರು ಎಂಬ ಪ್ರಶ್ನೆಯು ಉದ್ಘಾಟನೆಯ ಮರುದಿನ ಹುಟ್ಟುತ್ತದೆ. ಅಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ.

ಊರಿಗೆ ನಾಟಕವು ಬೇಕಾದುದಾದರೂ ಹೇಗೆ? ಇಲ್ಲಿ ಆ ಸೀಮೆಯ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಸಾಗರದ ಸಮೀಪದ ಕೆಳದಿ, ಇಕ್ಕೇರಿಗಳು ನಾಯಕರ ರಾಜಧಾನಿಗಳಾಗಿದ್ದುವು. ಆ ವಂಶದ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದನು, ನಾನಾ ಶಾಸ್ತ್ರಗಳ ಜೊತೆಗೆ ಸಂಗೀತ ನಾಟ್ಯಗಳಿಗೂ ಅದರಲ್ಲಿ ಸ್ಥಾನವುಂಟು. ಇದು ಅರಮನೆಯ ಮಾತಾಯಿತು. ಊರೂರಿನ ಮಾತೆಂದರೆ ಯಕ್ಷಗಾನ ಬಯಲಾಟ, ತಾಳಮದ್ದಳೆಗಳು. ಘಟ್ಟದ ಮೇಲೂ ಕೆಳಗೂ ಇವು ಮನೆಮಾತು. ಘಟ್ಟದ ಕೆಳಗಿನ ಹೊನ್ನಾವರ ಸೀಮೆಯ ಕೆರೆಮನೆಯ ಕಲಾವಿದರ ಹೆಸರನ್ನು ಕೇಳದವರಾರು?

ಇವುಗಳಲ್ಲಿ ತಾಳಮದ್ದಳೆಯು ನನ್ನ ವಾದಕ್ಕೆ ವಿಶೇಷವಾಗಿ ಬೇಕಾಗಿದೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದವನ್ನು ಹಾಡುತ್ತಾನೆ. ಅರ್ಥಧಾರಿಯು ಕುಳಿತಲ್ಲಿಯೇ ಪಾತ್ರವಾಗಿ ಅದರ ಅರ್ಥವನ್ನು ಆಶುವಾಗಿ ಬೆಳಸುತ್ತಾನೆ. ಎದುರಾಳಿಯು ಅದನ್ನು ಖಂಡಿಸುತ್ತಾನೆ. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣವು ನಾಟಿ ಬಿದ್ದಿರುವ ವಾಲಿಯು, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ಈ ಪ್ರಶ್ನೆಯು ವಾಲ್ಮೀಕಿಯಲ್ಲಿಯೇ ಇದೆ. ಆದರೆ ತಾಳಮದ್ದಳೆಯಲ್ಲಿ ಇದಕ್ಕೆ ಒಂದು ರಾತ್ರಿಯ ಉತ್ತರವು ಮತ್ತೊಂದು ರಾತ್ರಿಗೆ ಆಗುವುದಿಲ್ಲ. ವಾಲಿಯ ಅರ್ಥವನ್ನು ಹೇಳುವವನು ಬಲಿಷ್ಠನಾದರೆ ರಾಮನು ಬೆವರಬೇಕು. ಕೇಳುವವರು ರಾಮಭಕ್ತರೇ ಆದರೂ ಆ ರಾತ್ರಿಯ ಮಟ್ಟಿಗೆ ವಾದದ ತೂಕವನ್ನು ನೋಡಿ ತಲೆದೂಗುತ್ತಾರೆ. ದೇವತೆಗಳ ಪಕ್ಷವನ್ನೂ ದೈತ್ಯರ ಪಕ್ಷವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಲ್ಲ ಪ್ರೇಕ್ಷಕನು ಹೀಗೆ ತಯಾರಾದನು. ಬ್ರಹ್ಮನು ವಿರೂಪಾಕ್ಷನಿಗೆ ಕೊಟ್ಟ ಮಾತು ಇಲ್ಲಿ ಪ್ರತಿರಾತ್ರಿಯೂ ಸಲ್ಲುತ್ತ ಬಂದಿತು.

ಇಂತಹವರ ಮುಂದೆ ಅನ್ಯದೇಶದ ನಾಟಕವೊಂದನ್ನು ಆಡಿದರೆ, ಅಲ್ಲಿಯ ರಾಜನೊಬ್ಬನು ತಪ್ಪಿದನೋ ಸರಿಯಾದನೋ ಎಂದು ಅವರು ವಿಚಾರಮಾಡಿದರೆ, ಅದರಲ್ಲಿ ಸೋಜಿಗವೇನು? ಹೆಸರು ಹೊಸದು, ತಕ್ಕಡಿ ಹಳೆಯದು. ರಂಗಮಂದಿರಕ್ಕೆ ಶಿವರಾಮ ಕಾರಂತರ ಹೆಸರನ್ನಿಟ್ಟುದರಲ್ಲಿಯೂ ಒಂದು ಔಚಿತ್ಯವು ತೋರುತ್ತದೆ. ಕಾದಂಬರಿಕಾರರೆಂದು ಲೋಕವು ಅವರನ್ನು ಕೊಂಡಾಡಿದರೂ, ಬಯಲಾಟವನ್ನು ಶಾಸ್ತ್ರದೃಷ್ಟಿಯಿಂದ ಪರಿಶೋಧಿಸಿ, ರಂಗದ ಮೇಲೆ ತಂದು ಪ್ರಯೋಗಿಸಿದವರು ಅವರು. ಬಯಲಿನಿಂದ ಮಂಡಪಕ್ಕೆ ಬರುವ ಹೊಸ್ತಿಲಿನ ಮೇಲೆ ಅವರ ಹೆಸರು ಇರುವುದು ತಕ್ಕದ್ದೇ ಆಗಿದೆ.

೪

ಮಂಡಪವಾದ ಮೇಲೆ ಸಾಮವು ಬೇಕೆಂದೆನಷ್ಟೆ. ಹೆಗ್ಗೋಡಿನ ಚರಿತ್ರೆಯಲ್ಲಿ ೧೯೭೨ರಿಂದ ಈಚೆಗೆ ನಡೆದುದೆಲ್ಲವನ್ನೂ ಈ ಒಂದು ಪದದಿಂದ ವಿವರಿಸಬಹುದೆಂದು ನನ್ನ ಅಭಿಪ್ರಾಯ.

೧೯೭೩ರಲ್ಲಿ ಚಿತ್ರಸಮಾಜವು ಏರ್ಪಟ್ಟಿತು; ದೇಶವಿದೇಶಗಳ ಉತ್ತಮ ಚಲನಚಿತ್ರಗಳನ್ನು ಹಳ್ಳಿಯವರು ನೋಡಿದರು. ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವು ಪ್ರಾರಂಭವಾಗಿ, ನಾಡಿನ ನಾನಾ ಭಾಗಗಳ ತರುಣರು ಅಲ್ಲಿಗೆ ಬಂದು ನಾಟ್ಯವನ್ನು ವ್ಯಾಸಂಗಮಾಡತೊಡಗಿದರು. ೧೯೮೩ರಿಂದ ೧೯೮೫ರ ವರೆಗೆ ‘ಜನಸ್ಪಂದನ’ವೆಂಬ ಹೆಸರಿನಲ್ಲಿ ಸಂಘದವರು ತಾವೇ ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿದರು. ೧೯೮೫ರಲ್ಲಿ ‘ತಿರುಗಾಟ’ವು ಮೊದಲಾಯಿತು. ವರ್ಷಕ್ಕೆ ಕೆಲವು ನಾಟಕಗಳನ್ನು ಸಿದ್ಧಗೊಳಿಸಿ, ನಟವರ್ಗವು ಸಾಮಾನು ಸರಂಜಾಮುಗಳೊಡನೆ ಕರ್ಣಾಟಕದ ಊರುಗಳನ್ನು ಸುತ್ತಿಬರುವ ಏರ್ಪಾಡಿದು. ಮೇಳಗಳ ತಿರುಗಾಟವೆಂಬ ಮಾತು ಯಕ್ಷಗಾನದ ಸೀಮೆಯವರಿಗೆ ಚಿರಪರಿಚಿತ. ಹೊಸ ಕಾರ್ಯಕ್ಕೆ ಆ ಹಳೆಯ ಹೆಸರನ್ನೇ ಇಟ್ಟುದು ಗಮನಾರ್ಹ. ಚಲನಚಿತ್ರ ರಸಗ್ರಹಣದ ಶಿಬಿರಗಳೆಂದು ಮೊದಲಾಗಿ, ಕ್ರಮೇಣ ಸಾಹಿತ್ಯ, ನಾಟಕ, ಸಂಗೀತ, ಸಮಾಜವಿಚಾರಗಳನ್ನು ಒಳಗೊಂಡು ಬೆಳೆದ ಸಂಸ್ಕೃತಿ ಶಿಬಿರವು ಮತ್ತೊಂದು. ಶ್ರೀಮಾನ್ ಕೀರ್ತಿನಾಥ ಕುರ್ತಕೋಟಿಯವರೂ ಯು. ಆರ್. ಅನಂತಮೂರ್ತಿಯವರೂ ಆ ಶಿಬಿರಗಳಲ್ಲಿ ವರ್ಷ ವರ್ಷವೂ ಮಾತನಾಡಿದವರು. ಇದರ ಜೊತೆಗೆ ಸುಬ್ಬಣ್ಣನವರ ಅಕ್ಷರ ಪ್ರಕಾಶನವು ಗ್ರಂಥಗಳನ್ನು ಅಚ್ಚುಮಾಡುತ್ತ ಬಂದಿತು. ಈ ಸೇವೆಗಾಗಿ ೧೯೯೧ರಲ್ಲಿ ಸುಬ್ಬಣ್ಣನವರಿಗೆ ರಾಮೊನ್ ಮ್ಯಾಗ್ಸೇಸೇ ಪ್ರಶಸ್ತಿಯು ದೊರೆಯಿತು. ೨೦೦೫ರಲ್ಲಿ ಅವರು ದೈವಾಧೀನರಾದರು. ಸಂಸ್ಥೆಯು ಅವರೊಡನೆ ಮುಗಿಯಲಿಲ್ಲ.

ಈ ಕಾರ್ಯಗಳನ್ನು ಬೇರೆಬೇರೆಯಾಗಿ ಎಣಿಸಿ ಪಟ್ಟಿಮಾಡುವುದು ವಾಡಿಕೆ. ಆದರೆ ಇವೆಲ್ಲಕ್ಕೂ ಸೂತ್ರವು ಒಂದೇ. ಶಿಬಿರದಲ್ಲಿ ರಾತ್ರಿ ನಾಟಕವನ್ನು ನೋಡಿದವರು ಮರುದಿನ ಕುಳಿತು ಅದನ್ನು ಚರ್ಚಿಸುತ್ತಾರೆ. ನಿರ್ದೇಶಕನು ಕೇಳುತ್ತಾನೆ, ಉಪಾಧ್ಯಾಯನು ಮಾತನಾಡುತ್ತಾನೆ, ಹೊಸದಾಗಿ ಬಂದ ವಿದ್ಯಾರ್ಥಿಯು ತನಗೆ ಹಿಡಿಸಲಿಲ್ಲವೆಂದು ಹೇಳುತ್ತಾನೆ. ಹಿಡಿಸಲಿಲ್ಲವೆಂದವನೇ ಇಲ್ಲಿಯ ವಿರೂಪಾಕ್ಷ. ಅವನನ್ನು ಹೊರದೂಡದೆ, ನಿನ್ನ ಕೋಪಕ್ಕೆ ಕಾರಣವೇನೆಂದು ಕೇಳುವುದೇ ಸಾಮ. ರಂಗಮಂದಿರದ ಗೋಡೆಗಳು ಆ ಮಾತುಕತೆಗೆ ಹೊದಿಕೆ ಮಾತ್ರ.

೫

ಪ್ರೇಕ್ಷಕನನ್ನು ಕುರಿತು ಭರತನು ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಹೇಳಿರುವುದನ್ನು ನಮ್ಮ ಪಾಠಶಾಲೆಗಳಲ್ಲಿ ಓದಿಸುವುದು ಅಪೂರ್ವ. ರಸಾಧ್ಯಾಯವಾದ ಮೇಲೆ ಪುಸ್ತಕವನ್ನು ಕಟ್ಟಿಡುವುದೇ ರೂಢಿ. ಅಲ್ಲಿ ಮೊದಲು ಆದರ್ಶ ಪ್ರೇಕ್ಷಕನ ಲಕ್ಷಣವು ಬರುತ್ತದೆ: ಶೀಲವಂತನು, ನಿಷ್ಪಕ್ಷಪಾತಿ, ಕಲೆಗಳನ್ನು ಬಲ್ಲವನು, ಪಾತ್ರವು ಸಂತೋಷಿಸಿದರೆ ಸಂತೋಷಿಸುವವನು, ಶೋಕಿಸಿದರೆ ಶೋಕಿಸುವವನು. ಒಡನೆಯೇ ಮುನಿಯು ಮನುಷ್ಯಸ್ವಭಾವಕ್ಕೆ ಇಳಿದು ಮಾತನಾಡುತ್ತಾನೆ. ಇಷ್ಟೂ ಗುಣಗಳು ಒಬ್ಬನಲ್ಲಿ ಇರಲಾರವು. ತಿಳಿಯತಕ್ಕದ್ದು ಬಹಳ, ಆಯುಸ್ಸು ಸ್ವಲ್ಪ. ತರುಣರು ಶೃಂಗಾರಕ್ಕೂ, ಪಂಡಿತರು ಸಿದ್ಧಾಂತಕ್ಕೂ, ಶೂರರು ಯುದ್ಧಕ್ಕೂ, ವೃದ್ಧರು ಪುರಾಣಕಥೆಗೂ ಒಲಿಯುತ್ತಾರೆ. ನಾಟ್ಯದಲ್ಲಿ ವಿವಾದವುಂಟಾದಾಗ ತೀರ್ಪು ಹೇಳತಕ್ಕ ಪ್ರಾಶ್ನಿಕರ ಪಟ್ಟಿಯಂತೂ ಆಶ್ಚರ್ಯಕರ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ: ಒಬ್ಬೊಬ್ಬರೂ ತಮ್ಮ ತಮ್ಮ ವಿಷಯದಲ್ಲಿ ಪ್ರಮಾಣ. ವೈಯಾಕರಣನಿಗೆ ಇಲ್ಲಿ ಒಂದು ಪೀಠವಿದೆ. ಆದರೆ ಒಂದೇ ಪೀಠ. ಬಿಲ್ಲು ಹಿಡಿಯುವ ಕ್ರಮದ ವಿಷಯದಲ್ಲಿ ಅವನು ಬಿಲ್ಲುಗಾರನ ಮಾತನ್ನು ಕೇಳಬೇಕು.

ಈ ಮಾತಿನ ಅರ್ಥವು ನನಗೆ ಆದುದು ಪುಸ್ತಕದಿಂದಲ್ಲ. ಪಾಠಶಾಲೆಯಲ್ಲಿ ನಾವು ಶಾಕುಂತಲವನ್ನು ಓದಿದುದು ಶ್ಲೋಕದ ಅನ್ವಯ, ಸಮಾಸ, ಅಲಂಕಾರಗಳ ಕ್ರಮದಲ್ಲಿ. ಪ್ರಾಕೃತದ ಭಾಗಗಳನ್ನು ಛಾಯೆಯ ಮೂಲಕ ದಾಟಿಬಿಡುತ್ತಿದ್ದೆವು. ಆರನೆಯ ಅಂಕದ ಮೊದಲಲ್ಲಿ ಉಂಗುರವನ್ನು ಮಾರಲು ಬಂದು ಕಾವಲಿನವರ ಕೈಗೆ ಸಿಕ್ಕಿದ ಬೆಸ್ತನಿದ್ದಾನಲ್ಲವೆ, ಅವನ ಮಾತು ಮಾಗಧೀ ಪ್ರಾಕೃತ. ಅವನನ್ನು ನಾವು ಸಂಸ್ಕೃತದ ನೆರಳಿನಲ್ಲಿಯೇ ಕಂಡೆವು. ಅವನ ಧ್ವನಿಯನ್ನು ಒಮ್ಮೆಯೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ತಾಲ್ಲೂಕಿನ ಊರೊಂದರಲ್ಲಿ ಕನ್ನಡದ ಶಾಕುಂತಲವೊಂದನ್ನು ರಂಗದ ಮೇಲೆ ನೋಡುತ್ತಿದ್ದೆ. ಬೆಸ್ತನು ತನ್ನ ಕುಲವೃತ್ತಿಯನ್ನು ಹಳಿದವರಿಗೆ ಉತ್ತರ ಕೊಡುತ್ತಿದ್ದಂತೆ ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು, “ಸರಿಯಾಗಿ ಹೇಳಿದ” ಎಂದು ಗಟ್ಟಿಯಾಗಿಯೇ ಅಂದುಬಿಟ್ಟರು. ಅವರು ಸಂಸ್ಕೃತವನ್ನು ಬಲ್ಲವರಲ್ಲವೆಂದು ಆಮೇಲೆ ಮಾತನಾಡಿಸಿದಾಗ ತಿಳಿಯಿತು. ಇಪ್ಪತ್ತು ಸಲ ಪಾಠ ಹೇಳಿದ ನನಗೆ ಆ ಸ್ಥಳದಲ್ಲಿ ಕವಿಯು ಇಟ್ಟಿದ್ದ ತೂಕವು ಆ ಒಂದು ಉದ್ಗಾರದಿಂದ ಅರಿವಾಯಿತು. ರಾಜನು ಮರೆತುದನ್ನು ನೆನಪಿಗೆ ತರುವುದು ಋಷಿಯಲ್ಲ, ಮಂತ್ರಿಯಲ್ಲ, ಈ ಬೆಸ್ತನ ಕೈಯ ಉಂಗುರ. ಅಂತಹವನಿಗೆ ಕಾಳಿದಾಸನು ತನ್ನ ವೃತ್ತಿಯ ಗೌರವವನ್ನು ಕಾಯ್ದುಕೊಳ್ಳುವ ಮಾತನ್ನು ಕೊಟ್ಟಿದ್ದಾನೆ. ಆ ರಾತ್ರಿ ಪ್ರಾಶ್ನಿಕನ ಪೀಠದಲ್ಲಿ ಇದ್ದವರು ಆ ವೃದ್ಧರು; ವೈಯಾಕರಣನಾದ ನಾನು ಶಿಷ್ಯನ ಸ್ಥಾನದಲ್ಲಿದ್ದೆ.

ಸುಬ್ಬಣ್ಣನವರು ಇದೇ ನಾಟಕವನ್ನು ಕನ್ನಡಕ್ಕೆ ತಂದು ‘ಲೋಕಶಾಕುಂತಲ’ವೆಂದು ಹೆಸರಿಟ್ಟರು. ೧೮೮೩ರಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಅಭಿನವಕಾಳಿದಾಸ ಬಸವಪ್ಪಶಾಸ್ತ್ರಿಗಳು ರಚಿಸಿದುದಕ್ಕೆ ‘ಕರ್ಣಾಟಕ ಶಾಕುಂತಲ’ವೆಂದು ಹೆಸರು. ಎರಡು ಹೆಸರುಗಳ ನಡುವೆ ಕನ್ನಡ ರಂಗಭೂಮಿಯು ನಡೆದ ದಾರಿಯೇ ಕಾಣುತ್ತದೆ. ಮೊದಲನೆಯದು ಸಂಸ್ಕೃತದ ಸಿರಿಯನ್ನು ಕರ್ಣಾಟಕಕ್ಕೆ ತಂದೆನೆಂಬ ಹೆಮ್ಮೆ. ಅದು ಅಂದಿಗೆ ಬೇಕಾದುದೇ ಆಗಿತ್ತು. ಎರಡನೆಯದು ಆ ಕೃತಿಯನ್ನು ಲೋಕದ ಮುಂದೆ ಇಟ್ಟು, ನೀವು ಏನೆನ್ನುತ್ತೀರಿ ಎಂದು ಕೇಳುವ ಹೆಸರು.

‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಸುಬ್ಬಣ್ಣನವರ ಪ್ರಬಂಧವನ್ನೂ ಇಲ್ಲಿ ನೆನೆಯಬೇಕು. ಒಂಬತ್ತನೆಯ ಶತಮಾನದ ಆ ಅಲಂಕಾರಗ್ರಂಥದಲ್ಲಿ, ಈ ನಾಡಿನವರು ಉದ್ದೇಶಪಟ್ಟು ಓದದೆಯೇ ಕಾವ್ಯಪ್ರಯೋಗದಲ್ಲಿ ನುರಿತವರೆಂಬ ಅಭಿಪ್ರಾಯವು ಬರುವುದನ್ನು ಸಾಹಿತ್ಯದ ಅಧ್ಯಾಪಕರೆಲ್ಲರೂ ಬಲ್ಲರು. ನಾವು ಅದನ್ನು ನಾಡಿನ ಹೊಗಳಿಕೆಯೆಂದು ವ್ಯಾಖ್ಯಾನಿಸಿ ಮುಂದೆ ಹೋಗುತ್ತೇವೆ. ಕನ್ನಡನಾಡು ಲೋಕದ ಒಳಗೇ ಇದ್ದುಕೊಂಡು ಲೋಕದಲ್ಲಿ ತನ್ನ ವಿಶೇಷವನ್ನು ಉಳಿಸಿಕೊಂಡ ಬಗೆಯನ್ನು ಸುಬ್ಬಣ್ಣನವರು ಆ ಗ್ರಂಥದಲ್ಲಿ ಕಂಡರು. ಓದದೆಯೂ ಬಲ್ಲವರು ಇದ್ದಾರೆಂಬುದನ್ನು ಹೊಗಳಿಕೆಯೆಂದಲ್ಲದೆ ವಾಸ್ತವವೆಂದು ನಂಬಿ ಸಂಸ್ಥೆಯನ್ನು ನಡೆಸಿದರೆ ಅದು ಹೇಗಿರುತ್ತದೆಂಬುದಕ್ಕೆ ಹೆಗ್ಗೋಡೇ ಉತ್ತರ.

೬

ಇನ್ನು ಪೂರ್ವಪಕ್ಷಗಳನ್ನು ವಿಚಾರಿಸೋಣ. ಹೊಗಳಿಕೆಯ ಭರದಲ್ಲಿ ಇವುಗಳನ್ನು ಮುಚ್ಚಿಡುವುದು ಸಂಸ್ಥೆಗೂ ಹಿತವಲ್ಲ.

ಮೊದಲನೆಯ ಪೂರ್ವಪಕ್ಷ: ಇಲ್ಲಿಯ ಪ್ರಯೋಗಗಳಲ್ಲಿ ಅನುವಾದಗಳು ಬಹಳ; ಕನ್ನಡದ ಸ್ವಂತ ನಾಟಕಕ್ಕೆ ಇದರಿಂದ ಹಾನಿ. ಉತ್ತರ: ಉಪಲಬ್ಧವಾಗಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದಾದ, ಚಿಕ್ಕದೇವರಾಜರ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’ವೇ ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿದುದು. ಪಂಪ, ರನ್ನರೂ ಪರಕಥೆಯನ್ನೇ ತಮ್ಮದಾಗಿ ಮಾಡಿಕೊಂಡವರು. ನಮ್ಮಲ್ಲಿ ಅನುವಾದವು ದಾರಿದ್ರ್ಯದ ಲಕ್ಷಣವಲ್ಲ, ಅರಗಿಸಿಕೊಳ್ಳುವ ಶಕ್ತಿಯ ಲಕ್ಷಣ. ಸ್ವಂತ ನಾಟಕಕ್ಕೆ ಬಾಗಿಲು ಮುಚ್ಚಿದುದೂ ಇಲ್ಲ. ಪು. ತಿ. ನ. ಅವರ ‘ಗೋಕುಲ ನಿರ್ಗಮನ’ವೆಂಬ ಗೀತನಾಟಕವು ಬಿ. ವಿ. ಕಾರಂತರ ನಿರ್ದೇಶನದಲ್ಲಿ ರಂಗವನ್ನು ಏರಿದುದು ನೀನಾಸಮಿನ ಮೂಲಕವೇ. ಓದಿ ಆನಂದಿಸತಕ್ಕ ಕಾವ್ಯವೆಂದು ನಾವು ಬದಿಗಿಟ್ಟಿದ್ದ ಕೃತಿಯು ದೃಶ್ಯವೂ ಆಗಬಲ್ಲುದೆಂಬುದು ಆಗ ತಿಳಿಯಿತು.

ಎರಡನೆಯ ಪೂರ್ವಪಕ್ಷ: ಶಿಬಿರದ ದಿನಗಳಲ್ಲಿ ಅಲ್ಲಿ ತುಂಬುವವರು ಪಟ್ಟಣದ ವಿದ್ಯಾವಂತರು, ಊರವರಿಗೂ ಅದಕ್ಕೂ ಸಂಬಂಧವೇನು? ಇದನ್ನು ಭಾಗಶಃ ಒಪ್ಪಬೇಕು. ಯಾತ್ರಿಕರು ಹೆಚ್ಚಿದ ಕ್ಷೇತ್ರದಲ್ಲಿ ಊರಿನ ಭಕ್ತನು ಹಿಂದಿನ ಸಾಲಿಗೆ ಸರಿಯುವುದು ಎಲ್ಲೆಡೆಯೂ ಕಾಣುವ ಸಂಗತಿ. ಇದಕ್ಕೆ ಪರಿಹಾರವೂ ಸಂಸ್ಥೆಯಲ್ಲಿಯೇ ಇದೆ. ತಿರುಗಾಟವು ನಿಲ್ಲದಿರುವವರೆಗೆ, ಊರಿನವರೇ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಲ್ಲುವ ಪದ್ಧತಿಯು ಬಿಡದಿರುವವರೆಗೆ, ಯಾತ್ರಿಕರಿಂದ ಭಯವಿಲ್ಲ. ಅವು ನಿಂತ ದಿನ ಈ ಆಕ್ಷೇಪವೇ ಸಿದ್ಧಾಂತವಾಗುತ್ತದೆ.

ಮೂರನೆಯ ಪೂರ್ವಪಕ್ಷವು ನನ್ನದೇ. ಒಂದೇ ಶಾಲೆಯಲ್ಲಿ ಕಲಿತ ನಟರ ಮಾತು ಒಂದೇ ಎರಕಕ್ಕೆ ಬೀಳುವ ಅಪಾಯವು ಎಲ್ಲ ರಂಗಶಾಲೆಗಳಿಗೂ ಉಂಟು. ಭರತನು ಆವಂತೀ, ದಾಕ್ಷಿಣಾತ್ಯಾ, ಪಾಂಚಾಲೀ, ಓಡ್ರಮಾಗಧೀ ಎಂದು ಪ್ರವೃತ್ತಿಗಳನ್ನು ವಿಂಗಡಿಸಿದುದು ದೇಶದೇಶದ ವೇಷ, ಭಾಷೆ, ಆಚಾರಗಳು ರಂಗದ ಮೇಲೆ ಬೇರೆಬೇರೆಯಾಗಿಯೇ ಉಳಿಯಲೆಂದು. ಬೀದರದ ಹುಡುಗನೂ ಕೊಡಗಿನ ಹುಡುಗಿಯೂ ಹೆಗ್ಗೋಡಿನಲ್ಲಿ ಕಲಿತು ಹೊರಟಾಗ ತಮ್ಮ ತಮ್ಮ ಸೀಮೆಯ ಕನ್ನಡವನ್ನು ಅಲ್ಲಿಯೇ ಬಿಟ್ಟು ಬರಬಾರದು. ಸಂಸ್ಥೆಯು ನಡುಪ್ರಾಯವನ್ನು ದಾಟಿದ ಮೇಲೆ ಎಚ್ಚರ ವಹಿಸತಕ್ಕ ಮುಖ್ಯ ವಿಷಯವು ಇದೆಂದು ನನಗೆ ತೋರುತ್ತದೆ. ಬೆಸ್ತನು ಬೆಸ್ತನ ನುಡಿಯ ಧಾಟಿಯಲ್ಲಿಯೇ ಮಾತನಾಡಬೇಕು. ಇಲ್ಲವಾದರೆ ನಾವು ಪಾಠಶಾಲೆಯಲ್ಲಿ ಸಂಸ್ಕೃತಚ್ಛಾಯೆಯಿಂದ ಮಾಡಿದ ಅಪರಾಧವು ಶಿಷ್ಟಕನ್ನಡದ ಛಾಯೆಯಿಂದ ಮತ್ತೆ ನಡೆದಂತಾಗುತ್ತದೆ.

೭

ಈ ಚರಿತ್ರೆಯಲ್ಲಿ ಅಧ್ಯಾಪಕರಾದ ನಮಗೆ ಸಂಬಂಧಿಸಿದುದೂ ಒಂದಿದೆ. ನಾಟಕವನ್ನು ನಾವು ಶ್ರವ್ಯವೂ ಅಲ್ಲದೆ ದೃಶ್ಯವೂ ಅಲ್ಲದೆ ಕೇವಲ ಪಠ್ಯವಾಗಿ ಮಾಡಿಬಿಟ್ಟಿದ್ದೇವೆ. ನಮ್ಮ ವಿದ್ಯಾಶಾಲೆಗಳ ಸಭಾಂಗಣಗಳು ಭರತನ ಜ್ಯೇಷ್ಠಮಂಡಪವನ್ನೂ ಮೀರಿದವು. ಧ್ವನಿವರ್ಧಕವಿಲ್ಲದೆ ಅಲ್ಲಿ ಮಾತು ಕೇಳದು, ಕೇಳಿದರೂ ಮುಖವು ಕಾಣದು. ಸಣ್ಣದೊಂದು ಕೊಠಡಿ, ಮೂವತ್ತು ನಲವತ್ತು ಮಂದಿ, ನಾಟಕದ ಒಂದೇ ಅಂಕ, ಮರುದಿನ ಆ ಕುರಿತು ಮಾತುಕತೆ, ಇಷ್ಟಾದರೆ ಸಾಕು. ಹಿಡಿಸಲಿಲ್ಲವೆಂದ ವಿದ್ಯಾರ್ಥಿಯನ್ನು ಗದರಿಸದೆ ಏಕೆಂದು ಕೇಳುವ ತಾಳ್ಮೆಯೊಂದು ಮಾತ್ರ ಬೇಕು. ಇದಕ್ಕೆ ಯಾವ ಮಂಜೂರಾತಿಯೂ ಬೇಕಾಗಿಲ್ಲ. ಹೆಗ್ಗೋಡಿನ ಉತ್ಸವವನ್ನು ನಾವು ಆಚರಿಸತಕ್ಕ ರೀತಿಯೂ ಇದೇ.

ಮಂಡಪಕ್ಕೆ ನೆಲವನ್ನು ಅಳೆಯುವ ಹಗ್ಗವನ್ನು ಕುರಿತು ಭರತನು ಒಂದು ಎಚ್ಚರಿಕೆಯನ್ನು ಹೇಳಿದ್ದಾನೆ. ಹಗ್ಗವು ಅರ್ಧದಲ್ಲಿ ಹರಿದರೆ ಒಡೆಯನಿಗೆ ಮರಣ. ಮೂರನೆಯ ಭಾಗದಲ್ಲಿ ಹರಿದರೆ ರಾಷ್ಟ್ರಕ್ಕೆ ಕ್ಷೋಭೆ. ನಾಲ್ಕನೆಯ ಭಾಗದಲ್ಲಿ ಹರಿದರೆ ಪ್ರಯೋಕ್ತೃವಿಗೆ ನಾಶ. ಕೈಯಿಂದ ಜಾರಿದರೆ ಏನಾದರೊಂದು ನಷ್ಟ. ಆದುದರಿಂದ ಹಗ್ಗವನ್ನು ಸದಾ ಜಾಗರೂಕತೆಯಿಂದ ಹಿಡಿಯಬೇಕು. ಇದನ್ನು ಶಕುನಶಾಸ್ತ್ರವೆಂದು ತಿಳಿದು ನಗುವವರು ನಗಲಿ. ಮಂಡಪದ ಭಾಗ್ಯವು ಕಂಬಗಳಲ್ಲಿಲ್ಲ, ಅದನ್ನು ಅಳೆಯುವ ಕೈಗಳಲ್ಲಿದೆ ಎಂಬುದು ನನಗೆ ತಿಳಿದ ಅರ್ಥ. ಒಡೆಯನ, ನಾಡಿನ, ಪ್ರಯೋಕ್ತೃವಿನ ಕ್ಷೇಮಗಳು ಒಂದೇ ಹಗ್ಗದ ಬೇರೆಬೇರೆ ಭಾಗಗಳು. ಹೆಗ್ಗೋಡಿನಲ್ಲಿ ಆ ಹಗ್ಗವು ೧೯೪೯ರಿಂದ ಕೈಯಿಂದ ಕೈಗೆ ಬಂದಿದೆ. ಅದರ ಒಂದು ತುದಿಯು ರಂಗದ ಮೇಲಿನವರ ಕೈಯಲ್ಲಿದ್ದರೆ ಇನ್ನೊಂದು ತುದಿಯು ಪ್ರೇಕ್ಷಕನ ಕೈಯಲ್ಲಿದೆ. ಆಡುವವರು ತಮ್ಮ ತುದಿಯನ್ನು ಈವರೆಗೆ ಬಿಟ್ಟಿಲ್ಲ. ನಮ್ಮ ತುದಿಯನ್ನು ನಾವು ಬಿಡದಿರೋಣ.